ಐದು ಬೆರಳಿನ ಹೇಂಟೆ

ನಮ್ಮ ಹಿತ್ತಲಿನ ಬಾತುಗಳಲ್ಲಿ ಯಾವುದನ್ನು ಹಿಡಿದು ಎಡಗಾಲು ಬಿಡಿಸಿ ನೋಡಿದರೂ ಬೆರಳುಗಳ ನಡುವಿನ ಪೊರೆಯಲ್ಲಿ ಅಕ್ಕಿಕಾಳಿನಷ್ಟು ಒಂದು ಸೀಳು ಕಾಣುತ್ತದೆ. ಅವು ನಮ್ಮ ಮನೆಯವು ಅನ್ನುವುದಕ್ಕೆ ಅದೇ ಗುರುತು. ಗುರುತು ಹಾಕಿದ ಕೈ ಪಕ್ಕದ ಮನೆಯ ಅಕ್ಕನದು. ಎದುರಿಗೆ ಕೂತು ಒಂದೊಂದೇ ಬಾತನ್ನು ಎತ್ತಿಕೊಟ್ಟವಳು ನಾನು. ಆ ಬೆಳಿಗ್ಗೆ ನಾನು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

ನಮ್ಮ ಮನೆ ಇರುವುದು ಶಿಕಾರಿಪುರದ ಅಂಚಿನಲ್ಲಿ, ನಾಲ್ಕು ಮನೆಗಳ ಒಂದು ಕೇರಿಯಲ್ಲಿ. ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನಾನು ಮದುವೆಯಾಗಿ ಈ ಕೇರಿಗೆ ಬಂದ ಮೊದಲ ದಿನವೇ ಬೇಲಿಯ ಆಚೆಯಿಂದ ‘ತಂಗೀ, ನಿಮ್ಮ ಕಡೆ ಕೋಳಿ ಸಾರಿಗೆ ಮೆಣಸು ಹಾಕ್ತೀರೋ, ಒಣಮೆಣಸಿನಕಾಯೋ?’ ಎಂದು ಕೇಳಿದವಳು. ನಾನು ಮೆಣಸು ಅಂದೆ. ‘ಹಂಗಾರೆ ಬದುಕ್ತೀ ಬಿಡು’ ಅಂದಳು. ಅವತ್ತಿನಿಂದ ನಾನು ಅವಳ ತಂಗಿ.

ಅಕ್ಕನ ಕೋಳಿಗಳೆಂದರೆ ಕೇರಿಗೆಲ್ಲ ಗೊತ್ತು. ಅವಳು ಮದುವೆಯಾಗಿ ಬರುವಾಗ ತಾಯಿ ಕುಕ್ಕೆಯಲ್ಲಿ ಒಂದು ಹೇಂಟೆ ಇಟ್ಟು ಕಳಿಸಿದ್ದಳಂತೆ. ಕೋಳಿಯ ಕಾಲಿಗೆ ನಾಲ್ಕು ಬೆರಳು; ಆ ಹೇಂಟೆಗೆ ಎಡಗಾಲಿನಲ್ಲಿ ಐದು. ಹಿಂದಿನ ಬೆರಳಿನ ಮೇಲೆ ಇನ್ನೊಂದು, ಮೇಲಕ್ಕೆ ಮುಖ ಮಾಡಿಕೊಂಡು. ಅದರ ಮರಿಗಳಲ್ಲಿ ಎರಡೋ ಮೂರೋ ಹಾಗೇ ಹುಟ್ಟಿದವು, ಅವುಗಳ ಮರಿಗಳಲ್ಲೂ ಹುಟ್ಟಿದವು. ಅಕ್ಕ ಮರಿ ಮಾಡಿಸಲು ಐದು ಬೆರಳಿನವನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದಳು, ಮಿಕ್ಕವು ಮೊಟ್ಟೆಗೆ, ಸಾರಿಗೆ. ತಾಯಿ ಹೋಗಿ ಎಷ್ಟೋ ವರ್ಷವಾಯಿತು. ತವರಿನಲ್ಲಿ ಈಗ ಬಾ ಅನ್ನುವವರು ಯಾರೂ ಇಲ್ಲ. ಹೇಂಟೆಗಳ ಕಾಲು ಹಿಡಿದು ಆ ಬೆರಳನ್ನು ಸವರುತ್ತಾ, ‘ಇದೊಂದು ಸಂತಾನ ನನ್ನ ಕಣ್ಣ ಮುಂದ ಮುರೀಬಾರದು ತಂಗಿ. ನಮ್ಮವ್ವನ್ನ ನೋಡಿದಂಗ ಆಗ್ತತಿ’ ಅನ್ನುತ್ತಿದ್ದಳು. ಅದೊಂದೇ ಅವಳ ಹಟ. ನಾನು ಹೇಳುವ ಬೇಸಿಗೆಯಲ್ಲಿ ಅವಳ ಹತ್ತಿರ ಐದು ಬೆರಳಿನ ಒಂದೇ ಒಂದು ಮುದಿ ಹೇಂಟೆ ಉಳಿದಿತ್ತು. ಅದು ಕಾವಿಗೆ ಕೂತು ಹನ್ನೊಂದು ಮರಿ ಮಾಡಿತ್ತು. ನಾಲ್ಕಕ್ಕೆ ಐದನೇ ಬೆರಳು ಇತ್ತು.

ನನ್ನ ಹಿತ್ತಲು ಆಗ ಖಾಲಿ. ಹಿಂದೆ ಸಾಕಿದ್ದ ಕೋಳಿಗಳನ್ನು ಕಾಡುಬೆಕ್ಕು ಒಂದೊಂದಾಗಿ ಹೊತ್ತುಕೊಂಡು ಹೋಗಿತ್ತು. ಅಕ್ಕನ ಕೋಳಿಗಳು ಬೇಲಿ ದಾಟಿ ಬಂದು ನಮ್ಮ ಬಸಳೆಯ ಬುಡ ಕೆದರಿ ಹೋಗುವುದನ್ನು ನೋಡುವಾಗ ನನಗೂ ಏನಾದರೂ ಸಾಕಬೇಕು ಅನ್ನಿಸುತ್ತಿತ್ತು.

ಆ ಬೇಸಿಗೆಯಲ್ಲೇ ನಮ್ಮ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಕಾಲು ಉಳುಕಿಸಿಕೊಂಡು ಮಲಗಿದ್ದಾಳೆ ಅಂತ ಫೋನು ಬಂತು. ನನ್ನ ತವರು ಸೊರಬ ತಾಲ್ಲೂಕಿನಲ್ಲಿ, ಉಳವಿಯ ಹತ್ತಿರ. ಹೋದೆ. ಒಂದು ರಾತ್ರಿ ಕಳೆದು ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಹಿಂದಿನ ಮನೆಯ ಹುಂಜ ಕೂಗಿತು.

ಹುಂಜದ ಕೂಗು ಕೇಳುವುದನ್ನು ನನಗೆ ಕಲಿಸಿದವಳು ಅಜ್ಜಿ. ಮಾತು ಕಲಿಸಿದವಳೂ ಅವಳೇ, ಕೋಳಿಯ ಮಾತನ್ನೂ ಸೇರಿಸಿ. ಹದ್ದು ಕಂಡಾಗ ಹೇಂಟೆ ಏನನ್ನುತ್ತದೆ, ಹಾವು ಕಂಡಾಗ ಏನನ್ನುತ್ತದೆ, ಮೊಟ್ಟೆ ಇಡುವ ಮೊದಲು ಜಾಗ ಹುಡುಕುತ್ತಾ ಹೇಗೆ ಗೊಣಗುತ್ತದೆ, ಎಲ್ಲ ಬಾಯಲ್ಲಿ ಅನ್ನಿಸುತ್ತಿದ್ದಳು. ಹುಂಜದ ಕೂಗಿಗೆ ನಾಲ್ಕು ತುಂಡು ಅನ್ನುತ್ತಿದ್ದಳು. ಕೊ, ಕ್ಕೊ, ಕ್ಕೋ, ಕೋ. ಕೊನೆಯ ತುಂಡು ಉದ್ದ. ಮೈಯಲ್ಲಿ ಬೇನೆ ಕೂತ ಹುಂಜ ಆ ಕೊನೆಯದನ್ನು ನುಂಗುತ್ತದೆ. ‘ಮೂರಕ್ಕೆ ನಿಂತ್ರೆ ಗೂಡಿನ ಬಾಗಿಲು ತೆಗೀಬ್ಯಾಡ’ ಅಂತ ಅಜ್ಜಿಯ ಕಟ್ಟಪ್ಪಣೆ.

ಹಿಂದಿನ ಮನೆಯ ಹುಂಜ ಮೂರಕ್ಕೆ ನಿಂತಿತು.

ನಾನು ಲೋಟ ಕೆಳಗಿಟ್ಟೆ. ‘ಅತ್ತಿಗೆ, ಆ ಹುಂಜಕ್ಕೆ ಏನಾಗೈತೆ?’

‘ಏನಾಗ್ತದೆ ಮಾರಾಯ್ತಿ, ಸೆಕೆ. ಮನುಷ್ಯರೇ ಉಸಿರು ಬಿಡಾಕಾಗ್ದೆ ಬಿದ್ಕಂಡೀವಿ, ಅದು ಎಷ್ಟೂಂತ ಕೂಗ್ತದೆ?’

ನಾನು ಎದ್ದು ಹಿತ್ತಲಿಗೆ ಹೋದೆ. ಬೇಲಿಯ ಸಂದಿಯಲ್ಲಿ ಕಂಡಿತು. ಗೊಬ್ಬರದ ಗುಂಡಿಯ ಪಕ್ಕ ಒಂದು ಬಿಳಿ ಹೇಂಟೆ ಕುಕ್ಕರಿಸಿ ಕೂತಿತ್ತು. ಕುತ್ತಿಗೆ ತಿರುಚಿಕೊಂಡು ಕೊಕ್ಕು ಆಕಾಶಕ್ಕೆ ಎತ್ತಿತ್ತು. ಬಾಲದ ಕೆಳಗಿನ ಪುಕ್ಕಕ್ಕೆ ಹಸಿರು ಹಿಕ್ಕೆ ಅಂಟಿತ್ತು. ಅದರ ಆಚೆ ಎರಡು ಕಡೆ ಮಣ್ಣು ಹೊಸದಾಗಿ ಅಗೆದು ಮುಚ್ಚಿದ್ದರು.

ಒಳಗೆ ಬಂದು ಹೇಳಿದೆ. ಅತ್ತಿಗೆ ಮಂಚದ ಮೇಲೆ ಕಾಲು ಚಾಚಿಕೊಂಡೇ ನಕ್ಕಳು. ‘ನಿನ್ನೆ ಎರಡು ಹೋದ್ವಂತೆ, ನಂಗೂ ಗೊತ್ತೈತೆ. ನಮ್ಮವು ಬಾತು ಕಣೆ. ಅವಕ್ಕೇನೂ ತಾಗಲ್ಲ. ಮುಟ್ಟಿ ನೋಡು, ಕಲ್ಲಿದ್ದಂಗವೆ. ನನ್ನ ಕೈಲಂತೂ ಈ ಕಾಲಲ್ಲಿ ಅವನ್ನ ಗದ್ದೆಗೆ ಬಿಟ್ಟು ತರಾಕಾಗಲ್ಲ. ಎಂಟೂ ತಗಂಡು ಹೋಗು, ನೀನೇ ಸಾಕು.’

ಮುಟ್ಟಿ ನೋಡಿದೆ. ಒಂದೂವರೆ ತಿಂಗಳ ಬಾತುಗಳು. ಕಣ್ಣು ಹೊಳೆಯುತ್ತಿತ್ತು, ಎದೆ ಗಟ್ಟಿಯಾಗಿತ್ತು, ಕೈಬೆರಳನ್ನೇ ಹುಳುವೆಂದು ಚೀಪಿದವು. ಹಸಿರು ಹಿಕ್ಕೆ ಕಣ್ಣ ಮುಂದೆಯೇ ಇತ್ತು. ಆದರೆ ಕೈಯಲ್ಲಿ ಬಾತು ಬೆಚ್ಚಗೆ ಇತ್ತು. ಎಂಟನ್ನೂ ಬುಟ್ಟಿಗೆ ತುಂಬಿಕೊಂಡೆ.

ಬಸ್ಸಿನಲ್ಲಿ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತೆ. ಸೊರಬ ದಾಟುವವರೆಗೆ ಸುಮ್ಮನಿದ್ದವು, ಆಮೇಲೆ ಶುರು ಮಾಡಿದವು. ಕಂಡಕ್ಟರ್ ಬಂದು ಬುಟ್ಟಿಯ ಮುಚ್ಚಳ ಎತ್ತಿ ನೋಡಿದ. ‘ಅಕ್ಕಾರೆ, ನಿಮಗೆ ಫ್ರೀ. ಇವಕ್ಕೆ ಟಿಕೆಟ್ ಮಾಡಿಸ್ರಿ.’

‘ಹೆಂಗಸರಿಗೆ ಫ್ರೀ ಅಲ್ಲೇನಪ್ಪಾ? ಇವೂ ಹೆಣ್ಣೇ.’

‘ಎಂಟೂ ಹೆಣ್ಣಾ?’

‘ದನಿ ಕೇಳು. ವಟವಟ ಅನ್ನೋದೆಲ್ಲ ಹೆಣ್ಣು. ಗಂಟಲು ಕಟ್ಟಿದಂಗೆ ಅನ್ನೋದು ಗಂಡು.’

ಅವನು ನಿಜವಾಗಿಯೂ ಬಗ್ಗಿ ಕಿವಿಕೊಟ್ಟ. ‘ಹಂಗಾರೆ ಇಲ್ಲಿ ಮೂರು ಗಂಡು ಅದಾವ್ರೀ. ಆಧಾರ್ ಕಾರ್ಡ್ ತೋರಿಸಿದ್ರೆ ಮಿಕ್ಕ ಐದನ್ನ ಬಿಡ್ತೀನಿ.’ ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ಬಿದ್ದು ಬಿದ್ದು ನಕ್ಕೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ನೀರು ಕುಡಿಸಲು ಮುಚ್ಚಳ ತೆಗೆದೆ. ಬುಟ್ಟಿಯ ತಳದ ಹುಲ್ಲಿನಲ್ಲಿ ಒಂದು ಬಿಳಿ ಪುಕ್ಕ ಸಿಕ್ಕಿಕೊಂಡಿತ್ತು. ನನ್ನ ಬಾತುಗಳೆಲ್ಲ ಕಂದು. ಅತ್ತಿಗೆ ಹುಲ್ಲನ್ನು ಎಲ್ಲಿಂದ ತರಿಸಿದ್ದಳೋ, ಕೇಳಿರಲಿಲ್ಲ. ಪುಕ್ಕವನ್ನು ಕಿಟಕಿಯಿಂದ ಹೊರಗೆ ಬಿಟ್ಟೆ.

ಸಂಜೆ ಮನೆ ತಲುಪಿದಾಗ ಅಕ್ಕ ನನಗಿಂತ ಮೊದಲೇ ನಮ್ಮ ಅಂಗಳದಲ್ಲಿದ್ದಳು. ಹೊಸ ಕೋಳಿ ಮನೆಗೆ ಬಂದರೆ ಒರಳಿನ ಸುತ್ತ ಮೂರು ಸುತ್ತು ಹಾಕಿಸುವುದು ನಮ್ಮಲ್ಲಿ ವಾಡಿಕೆ. ಹಾಗೆ ಮಾಡಿದರೆ ಅದು ಮನೆ ಬಿಟ್ಟು ಹೋಗುವುದಿಲ್ಲ ಅಂತ. ನಮ್ಮ ಮನೆಯಲ್ಲಿ ಈಗ ಒರಳಿಲ್ಲ, ಮಿಕ್ಸಿ ಇದೆ. ಅಕ್ಕ ತನ್ನ ಹಿತ್ತಲಿನ ಒರಳಿಗೇ ಒಯ್ದಳು. ಒಂದೊಂದು ಬಾತನ್ನೂ ಎರಡು ಕೈಯಲ್ಲಿ ಹಿಡಿದು, ಒರಳನ್ನು ಸುತ್ತಿಸಿ, ಕೊಕ್ಕನ್ನು ಕಲ್ಲಿಗೆ ಮುಟ್ಟಿಸಿ ಕೆಳಗೆ ಬಿಟ್ಟಳು. ಅವಳ ಕೋಳಿಗಳು ನುಚ್ಚು ತಿನ್ನುವುದು ಅದೇ ಒರಳಿನ ಗುಳಿಯಿಂದ. ಮುದಿ ಹೇಂಟೆ ಮರಿಗಳನ್ನು ರೆಕ್ಕೆಯ ಕೆಳಗೆ ಎಳೆದುಕೊಂಡು ಗುರ್ ಅಂದಿತು.

‘ನೋಡು, ಅತ್ತಿ ಗುರಾಯಿಸ್ತಾಳ, ಸೊಸೇರು ಬಂದ್ರು ಅಂತ’ ಎಂದು ಅಕ್ಕ ನಕ್ಕಳು.

ಮರುದಿನ ಬೆಳಿಗ್ಗೆ ಗುರುತು ಹಾಕುವುದೆಂದು ಅವಳೇ ಗೊತ್ತು ಮಾಡಿದಳು. ಅವಳ ಮರಿಗಳಿಗೂ ಹನ್ನೆರಡು ದಿನ ತುಂಬಿತ್ತು. ನಾಲ್ಕು ಮನೆಯ ಕೋಳಿಗಳು ಒಂದೇ ಕೇರಿಯಲ್ಲಿ ಮೇಯುವುದರಿಂದ ಒಂದೊಂದು ಮನೆಗೆ ಒಂದೊಂದು ಬೆರಳು. ಅಕ್ಕನ ಮನೆಯದು ಬಲಗಾಲಿನ ನಡುಬೆರಳು. ಮರಿ ಎಳೆಯದಾಗಿರುವಾಗಲೇ ಅದರ ಉಗುರನ್ನು ತುದಿಯ ಸಮೇತ ಸಾಸಿವೆಯಷ್ಟು ಕತ್ತರಿಸಿಬಿಟ್ಟರೆ ಮತ್ತೆ ಬೆಳೆಯುವುದಿಲ್ಲ. ಅದಕ್ಕೆ ಅವಳು ಬಳಸುವುದು ತಾಯಿಯ ಹಳೆಯ ಅಡಕತ್ತರಿ. ಅದನ್ನು ಅಡಿಕೆಗೆ ಮುಟ್ಟಿಸುವುದಿಲ್ಲ, ಕೋಳಿಗೇ ಮೀಸಲು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಮೊದಲು ನನ್ನ ಬಾತು.

‘ಇವಕ್ಕ ಉಗುರು ಎಲ್ಲೈತಿ ತಂಗಿ? ಹುಡುಕಿದ್ರೂ ಸಿಗವಲ್ದು. ಚಪ್ಲಿ ಹಾಕ್ಕಂಡೇ ಹುಟ್ಯಾವ.’ ಆಮೇಲೆ ಪೊರೆಯನ್ನು ಬಿಡಿಸಿ, ಅಡಕತ್ತರಿಯ ತುದಿಯಿಂದ ಚಿಟ್ ಎಂದು ಒಂದು ಸೀಳು. ಒಂದು ಹನಿ ರಕ್ತ. ಅರಿಶಿನ ಕಲಸಿದ ಎಣ್ಣೆಯನ್ನು ಬೆರಳಲ್ಲಿ ಒತ್ತಿ ಬಿಟ್ಟಳು. ಎಂಟು ಬಾತು ಮುಗಿದವು. ಅಡಕತ್ತರಿಯನ್ನು ಸೆರಗಿಗೆ ಒರೆಸಿ, ಅದೇ ಎಣ್ಣೆಯಲ್ಲಿ ಅದ್ದಿ, ಮರಿಗಳ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆ ಮಾತು ಆಡಬೇಕಿದ್ದದ್ದು ಆಗಲೇ. ‘ಅಕ್ಕಾ, ಬಿಸಿನೀರಲ್ಲಿ ಕುದಿಸಿ ಆಮೇಲೆ ಹಾಕು, ಕೈಯನ್ನೂ ತೊಳಕೋ’ ಅನ್ನಬೇಕಿತ್ತು. ಅಂದಿದ್ದರೆ ಯಾಕೆ ಅನ್ನುತ್ತಿದ್ದಳು. ಯಾಕೆ ಅಂದರೆ ಆ ಬಿಳಿ ಹೇಂಟೆಯ ವಿಷಯ ಹೇಳಬೇಕಾಗುತ್ತಿತ್ತು. ಗೊತ್ತಿದ್ದೂ ತಂದೆಯಾ ಅನ್ನುತ್ತಿದ್ದಳು. ನಾನು ಬುಟ್ಟಿಯಿಂದ ಮೊದಲ ಮರಿಯನ್ನು ಎತ್ತಿ ಅವಳ ಕೈಗೆ ಕೊಟ್ಟೆ.

ಏಳು ಮರಿಗಳಿಗೆ ಕತ್ತರಿ ಬಿತ್ತು. ಐದು ಬೆರಳಿನ ನಾಲ್ಕಕ್ಕೆ ಹಾಕಲಿಲ್ಲ. ಅವುಗಳ ಕಾಲನ್ನು ಸುಮ್ಮನೆ ಹೆಬ್ಬೆರಳಿನಿಂದ ಸವರಿ, ‘ನಮ್ಮವ್ವನ ಗುರುತು ಐತೆಲ್ಲ, ನಂದ್ಯಾಕ?’ ಎಂದು ಕೆಳಗೆ ಬಿಟ್ಟಳು.

ಆಮೇಲಿನ ಐದು ದಿನ ಏನೂ ಆಗಲಿಲ್ಲ. ಬಾತುಗಳು ಬಚ್ಚಲ ನೀರಿನ ಕುಣಿಯಲ್ಲಿ ಬಿದ್ದು ಹೊರಳಾಡಿದವು. ನನ್ನ ಗಂಡ ಆಫೀಸಿನಿಂದ ಬಂದು ‘ಏನು ಗಲಾಟೆ, ಮೀಟಿಂಗ್ ಇದ್ದಂಗೈತಿ’ ಅಂದರು. ನಾನು ದಿನಾ ಬೆಳಿಗ್ಗೆ ಅಕ್ಕನ ಹುಂಜದ ಕೂಗು ಎಣಿಸುತ್ತಿದ್ದೆ. ನಾಲ್ಕು. ಮತ್ತೆ ನಾಲ್ಕು. ಐದನೇ ದಿನ ಅತ್ತಿಗೆಗೆ ಫೋನು ಮಾಡಿದೆ. ಕಾಲು ಹೇಗಿದೆ ಎಂದು ಕೇಳಿ, ಆಮೇಲೆ ಹಿಂದಿನ ಮನೆಯ ಕೋಳಿಗಳ ವಿಷಯ ಕೇಳಿದೆ. ‘ಒಂದೂ ಉಳೀಲಿಲ್ಲ ಕಣೆ’ ಅಂದಳು.

ಆರನೇ ದಿನ ಹುಂಜ ಮೂರಕ್ಕೆ ನಿಂತಿತು. ಅವತ್ತು ಮಧ್ಯಾಹ್ನ ಅಕ್ಕನ ಒಂದು ಮರಿ ಬಿಸಿಲಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿತ್ತು. ತಾಯಿ ಕರೆದರೂ ಹೋಗಲಿಲ್ಲ. ಅಕ್ಕ ಬೆಳ್ಳುಳ್ಳಿ ಜಜ್ಜಿ ಮಜ್ಜಿಗೆಯಲ್ಲಿ ಕಲಸಿ ಬಾಯಿಗೆ ಬಿಟ್ಟಳು. ಸಂಜೆಗೆ ಮೂರು ಮರಿ ಹಾಗೇ ನಿಂತವು. ಬೆಳಿಗ್ಗೆ ನಾನು ಬೇಲಿಯ ಹತ್ತಿರ ಹೋದಾಗ ಅವಳು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಹಿತ್ತಲ ಮೂಲೆಗೆ ಹೋಗುತ್ತಿದ್ದಳು. ನನ್ನನ್ನು ನೋಡಿ, ‘ಸೆಕಿ ಜಾಸ್ತಿ ಆತು ತಂಗಿ’ ಅಂದಳು. ಅತ್ತಿಗೆ ಅಂದಿದ್ದೂ ಇದನ್ನೇ.

ಆ ಮಧ್ಯಾಹ್ನ ಪಶು ಡಾಕ್ಟರನ್ನು ಕರೆಸಿದಳು. ಅವರು ಒಂದು ಮರಿಯ ಬಾಯಿ ಬಿಡಿಸಿ ನೋಡಿದರು, ಮುದಿ ಹೇಂಟೆಯ ಬಾಲ ಎತ್ತಿ ನೋಡಿದರು. ಈ ಬೇನೆ ಬಂದಮೇಲೆ ಮದ್ದಿಲ್ಲ, ಬರುವ ಮೊದಲು ಎಳೆಮರಿಗಳ ಕಣ್ಣಿಗೆ ಲಸಿಕೆಯ ಹನಿ ಹಾಕಿಸಬೇಕಿತ್ತು ಅಂದರು. ‘ಹೊಸದಾಗಿ ಯಾವ್ದಾದ್ರೂ ತಂದು ಬಿಟ್ಟಿದ್ರೇನ್ರಿ?’

‘ಇಲ್ರೀ ಸಾಹೇಬ್ರ. ನಮ್ಮ ಮನಿಗೆ ಹೊರಗಿನ ಒಂದು ಪುಕ್ಕಾನೂ ಬಂದಿಲ್ಲ. ನಮ್ಮವ್ವನ ಸಂತಾನ ಬಿಟ್ರ ಬ್ಯಾರೆ ಇಲ್ಲ.’

ಆ ಹೊತ್ತಿಗೇ ನನ್ನ ಬೆನ್ನ ಹಿಂದೆ ಬಾತುಗಳು ವಟಗುಟ್ಟಿದವು. ಡಾಕ್ಟರು ತಲೆ ಎತ್ತಿದರು. ‘ಅವು?’

‘ಅವು ಬಾತ್ರೀ, ಕೋಳಿ ಅಲ್ಲ’ ಅಂದಳು ಅಕ್ಕ.

‘ಬಾತಿಗೆ ಏನೂ ಆಗಲ್ಲಮ್ಮ. ತಾವು ಚೆನ್ನಾಗೇ ಇರ್ತವೆ, ರೋಗ ಹೊತ್ಕೊಂಡು ಬಂದು ಕೋಳಿಗೆ ಕೊಡ್ತವೆ.’ ಅವರು ನನ್ನ ಕಡೆ ತಿರುಗಿದರು. ‘ಎಲ್ಲಿಂದ ತಂದ್ರಿ?’

‘ಸಂತೆಯಿಂದ’ ಅಂದೆ.

ಯಾಕೆ ಹಾಗಂದೆನೋ. ತವರಿನಿಂದ ತಂದದ್ದೆಂದು ಅಕ್ಕನಿಗೆ ಗೊತ್ತಿತ್ತು. ಬಸ್ಸಿನ ಕತೆ ಹೇಳಿ ಅವಳನ್ನು ಹೊಟ್ಟೆ ಹಿಡಿದುಕೊಂಡು ನಗಿಸಿದವಳು ನಾನೇ. ಅವಳು ನನ್ನನ್ನೇ ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ಮುದಿ ಹೇಂಟೆಯ ಕಡೆ ತಿರುಗಿ ಅದರ ರೆಕ್ಕೆ ಸರಿಮಾಡಿದಳು.

ಎಂಟು ದಿನದಲ್ಲಿ ಕೇರಿಯ ಅಷ್ಟೂ ಕೋಳಿ ಹೋದವು. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು. ಮುಂಜಾನೆ ಎದ್ದರೆ ಯಾವ ಮನೆಯಿಂದಲೂ ಒಂದು ಕೂಗಿಲ್ಲ. ನನ್ನ ಎಂಟು ಬಾತು ಮಾತ್ರ ಆ ಮೌನದಲ್ಲಿ ವಟವಟ ಎನ್ನುತ್ತಿದ್ದವು. ಅವುಗಳ ದನಿ ಅಷ್ಟು ದೊಡ್ಡದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನ್ನು ಹಿತ್ತಲ ತುದಿಗೆ ಬಲೆ ಕಟ್ಟಿ ಕೂಡಿದೆ. ಯಾರಿಗಾದರೂ ಕೊಡೋಣ ಅಂದರೆ ಮಾಡಿದ್ದನ್ನೇ ಇನ್ನೊಂದು ಕೇರಿಗೆ ಮಾಡಿದಂತೆ. ಕೊಲ್ಲೋಣ ಅಂದರೆ ಕೈ ಬರಲಿಲ್ಲ.

ಅಕ್ಕ ಹದಿನೈದು ದಿನ ಬೇಲಿಯ ಹತ್ತಿರ ಬರಲಿಲ್ಲ. ಒಂದು ದಿನ ಬೆಳಿಗ್ಗೆ ಬಂದಳು. ಕೈಯಲ್ಲಿ ಒಂದು ಮರಿ ಇತ್ತು. ಕುತ್ತಿಗೆ ಎಡಕ್ಕೆ ತಿರುಚಿಕೊಂಡಿತ್ತು, ಒಂದು ಕಣ್ಣು ನೆಲಕ್ಕೆ, ಒಂದು ಕಣ್ಣು ಆಕಾಶಕ್ಕೆ. ಎಡಗಾಲಿನಲ್ಲಿ ಐದು ಬೆರಳು.

‘ಇದೊಂದು ಉಳೀತು. ಹೆಣ್ಣು. ಇದಕ್ಕ ಮತ್ತ ಆ ಬ್ಯಾನಿ ಬರೂದಿಲ್ಲಂತ ಡಾಕ್ಟ್ರು. ಹಿಡಿ.’

‘ಅಕ್ಕಾ, ಅಲ್ಲಿ ಆಗಲೇ ಕೋಳಿ ಸಾಯ್ತಿದ್ವು. ನಾನು ಕಣ್ಣಾರೆ ನೋಡಿದ್ದೆ.’ ಕೊನೆಗೂ ಬಾಯಿ ಬಿಟ್ಟೆ.

‘ಗೊತ್ತೈತಿ. ನೀನು ಸಂತಿಯಿಂದ ಅಂದಾಗ ಗೊತ್ತಾತು.’

‘ನನ್ನ ಹತ್ರ ಯಾಕೆ ಕೊಡ್ತೀಯಕ್ಕ?’

‘ನನ್ನ ಅಂಗಳದಾಗ ಸುಣ್ಣದ ವಾಸನಿ ಇನ್ನೂ ಹೋಗಿಲ್ಲ. ತಂದಾಕಿ ನೀನು. ಉಳಸಾಕೀನೂ ನೀನ ಆಗು.’ ಮರಿಯನ್ನು ನನ್ನ ಅಂಗೈಯಲ್ಲಿ ಇಟ್ಟು ಹೋದಳು. ತಂಗಿ ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.

ಆ ಮರಿಗೆ ನೆಟ್ಟಗೆ ಕಾಳು ಹೆಕ್ಕಲು ಬರುತ್ತಿರಲಿಲ್ಲ. ಕೊಕ್ಕು ಒಂದು ಕಡೆ, ಕಾಳು ಒಂದು ಕಡೆ. ಆಳವಾದ ಬಟ್ಟಲಲ್ಲಿ ನುಚ್ಚು ತುಂಬಿಟ್ಟರೆ ಹೇಗೋ ತಿನ್ನುತ್ತಿತ್ತು. ನಡೆದರೆ ಎಡಕ್ಕೆ ಸುತ್ತು ಹೊಡೆಯುತ್ತಿತ್ತು. ಆದರೂ ಬೆಳೆಯಿತು. ಮಳೆಗಾಲ ಕಳೆದು ಮೊಟ್ಟೆ ಇಡುವ ಹೊತ್ತು ಬಂದಾಗ ಹುಂಜ ಬೇಕಲ್ಲ. ಅಕ್ಕನೇ ಊರಿನ ಆ ತುದಿಯಿಂದ ಒಂದು ಕೆಂಪು ಹುಂಜ ತಂದಳು. ತಂದವಳು ಬಿಡಲಿಲ್ಲ. ತನ್ನ ಪೇರಲೆ ಮರಕ್ಕೆ ಇಪ್ಪತ್ತು ದಿನ ಕಟ್ಟಿಹಾಕಿ, ದಿನಾ ಅದರ ಹಿಕ್ಕೆ ನೋಡಿ, ನಾನು ಹೇಳಿಕೊಟ್ಟಿದ್ದಂತೆ ಕೂಗು ಎಣಿಸಿ, ಆಮೇಲೆ ಬೇಲಿಯ ಮೇಲಿಂದ ನನ್ನ ಕೈಗೆ ದಾಟಿಸಿದಳು. ಒರಳು ಸುತ್ತಿಸಲಿಲ್ಲ.

ಈಗ ಆ ಹೇಂಟೆ ಕಾವಿಗೆ ಕೂತು ಹತ್ತೊಂಬತ್ತು ದಿನ. ಒಂಬತ್ತು ಮೊಟ್ಟೆ ಇಟ್ಟಿದ್ದೆ. ಗೂಡಿನಲ್ಲೂ ಅದು ಎಡಕ್ಕೇ ಸುತ್ತುವುದರಿಂದ ಆರು ಮೊಟ್ಟೆ ಕಾಲಿಗೆ ಸಿಕ್ಕಿ ಒಡೆದವು. ಮೂರು ಉಳಿದಿವೆ. ಮರಿಯಾದ ಮೇಲೆ ಕಣ್ಣಿಗೆ ಹಾಕುವ ಹನಿಯ ಸೀಸೆಯನ್ನು ಡಾಕ್ಟರಿಂದ ತಂದು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟಿದ್ದೇನೆ. ಅಕ್ಕ ದಿನಾ ಬೆಳಿಗ್ಗೆ ಬೇಲಿಯ ಆಚೆ ಬಂದು ನಿಂತು ಒಂದೇ ಮಾತು ಕೇಳುತ್ತಾಳೆ: ‘ಕುಂತೈತಾ?’ ನಾನು ‘ಕೂತೈತೆ ಅಕ್ಕ’ ಅನ್ನುತ್ತೇನೆ. ಅಷ್ಟೇ ಮಾತು.

ಇವತ್ತು ಬೆಳಿಗ್ಗೆಯೂ ಕೇಳಿದಳು, ನಾನೂ ಹೇಳಿದೆ. ಗೂಡಿನ ಹತ್ತಿರ ಬಗ್ಗಿ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದೆ. ಒಳಗೆ ಏನೋ ಸಣ್ಣಗೆ ಕೆರೆದ ಸದ್ದು. ‘ಅಕ್ಕಾ, ಜೀವ ಐತೆ’ ಅಂದೆ. ಅವಳು ಎರಡೂ ಕೈಯಲ್ಲಿ ಬೇಲಿಯ ಗೂಟ ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು.

ಆಗ ಮುಂದಿನ ಕೇರಿಯಲ್ಲಿ ಒಂದು ಹುಂಜ ಕೂಗಿತು. ಕೊ, ಕ್ಕೊ, ಕ್ಕೋ. ನಿಂತಿತು.

ಅಕ್ಕ ಬಾಯಿ ಮುಚ್ಚಿದಳು. ಪೂರಾ ಕೂಗಲಿಲ್ಲವೋ, ಅಥವಾ ನನ್ನ ಬಾತುಗಳ ಗಲಾಟೆಯಲ್ಲಿ ಕೊನೆಯದು ನನಗೆ ಕೇಳಲಿಲ್ಲವೋ ತಿಳಿಯಲಿಲ್ಲ. ಮೊಟ್ಟೆ ನನ್ನ ಕೈಯಲ್ಲೇ ಇತ್ತು, ಬೆಚ್ಚಗೆ. ನಾನು ಬೇಲಿಯ ಈಚೆ, ಅವಳು ಆಚೆ, ಅದು ಇನ್ನೊಮ್ಮೆ ಕೂಗಲಿ ಎಂದು ಕಾಯುತ್ತಾ ನಿಂತೆವು.